ಲೋಳೆ ಕಂಬದ ರಾಮಮೂರ್ತಿ

ರಾಮಮೂರ್ತಿ ಕುಡುಕನಾಗಿದ್ದ ಎಂದು ಹೊಸೂರಿನಲ್ಲಿ ಈಗಲೂ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರಲ್ಲಿ ಅರ್ಧ ಜನ ಅವನನ್ನು ನೋಡಿದವರೇ ಅಲ್ಲ. ಇನ್ನರ್ಧ ಜನ ನೋಡಿದ್ದರೂ ಕಣ್ಣು ಬಿಟ್ಟು ನೋಡಿದವರಲ್ಲ. ಅವನ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದವನು, ಅವನ ಜೊತೆ ಒಂದೇ ರೂಮಿನಲ್ಲಿ ಉಂಡು ಮಲಗಿದವನು ನಾನು. ಹೆಸರು ಶಶಿಕುಮಾರ, ತುಮಕೂರು ಕಡೆಯಿಂದ ಹೊಟ್ಟೆಪಾಡಿಗೆ ಬಂದು ಇಲ್ಲೇ ಬೇರು ಬಿಟ್ಟವನು. ಅವನ ವಿಷಯ ಹೇಳುವ ಹಕ್ಕು ನನಗಿದೆ. ಇಲ್ಲ ಅನ್ನುವವರು ಬಂದು ಜಗಳಕ್ಕೆ ನಿಲ್ಲಲಿ.

ಅದು ಎರಡು ಸಾವಿರದ ಆರು, ಏಳರ ಮಾತು. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿ, ಲೇತ್ ಮಿಷನ್ನುಗಳ ಕಿರುಚಾಟದ ನಡುವೆ ನಮ್ಮದೊಂದು ತಣ್ಣಗಿನ ಶೆಡ್ಡು. ಚಪ್ಪಲಿ ಬಿಟ್ಟು, ತಲೆಗೆ ಟೋಪಿ ಹಾಕಿ, ಬಿಳಿ ಕೋಟು ತೊಟ್ಟು ಒಳಗೆ ಹೋಗಬೇಕು. ದೀಪಗಳೆಲ್ಲ ಹಳದಿ. ಹೊರಗಿನವರು ಇಣುಕಿ ನೋಡಿ ‘ಏನ್ರೀ, ಎಲ್ರಿಗೂ ಕಾಮಾಲೆ ಬಂದೈತಾ?’ ಎಂದು ನಗುತ್ತಿದ್ದರು. ನಮ್ಮ ಒಡತಿ ಮೇಘಶ್ರೀ ಮೇಡಂ ಬೆಂಗಳೂರಿನವರು, ದೊಡ್ಡ ಓದು ಓದಿದವರು. ಒಂದು ಹನಿ ರಕ್ತ ಹಾಕಿದರೆ ತಾನೇ ಪರೀಕ್ಷೆ ಮಾಡಿ ಹೇಳುವ, ಬೆಂಕಿಪೊಟ್ಟಣದಷ್ಟಗಲದ ಗಾಜಿನ ಚಿಪ್ ಮಾಡಿ ಹಳ್ಳಿ ಆಸ್ಪತ್ರೆಗಳಿಗೆಲ್ಲ ಕೊಡಬೇಕು ಎನ್ನುವುದು ಅವರ ಹಟ.

ಚಿಪ್‌ನ ಒಳಗೆ ಕೂದಲೆಳೆ ಗಾತ್ರದ ಕಾಲುವೆಗಳು. ಅವನ್ನು ರಬ್ಬರಿನಲ್ಲಿ ಎರಕ ಹೊಯ್ದು ಗಾಜಿಗೆ ಅಂಟಿಸುವುದು ನನ್ನ ಕೆಲಸ. ಅದು ದೋಸೆ ಹುಯ್ದ ಹಾಗೆ, ಮೈಮೇಲೆ ಎಚ್ಚರ ಇದ್ದರೆ ಯಾರು ಬೇಕಾದರೂ ಮಾಡಬಹುದು. ಕಷ್ಟದ ಕೆಲಸ ರಾಮಮೂರ್ತಿಯದು. ಆ ಕಾಲುವೆಗಳೊಳಗೆ ಅಲ್ಲಲ್ಲಿ ಬಾಗಿಲು ಬೇಕು, ಆದರೆ ಆ ಬಾಗಿಲಿಗೆ ಕರೆಂಟು ಮೋಟಾರು ಏನೂ ಇಲ್ಲ. ಲೋಳೆಯಂಥ ಒಂದು ಪದಾರ್ಥದ ಪುಟ್ಟ ಕಂಬಗಳೇ ಬಾಗಿಲು. ಹುಳಿ ನೀರು ತಾಗಿದರೆ ಕಂಬ ಸೊರಗಿ ದಾರಿ ಬಿಡುತ್ತದೆ. ಸೋಪಿನ ನೀರಿನಂಥದ್ದು ತಾಗಿದರೆ ಉಬ್ಬಿಕೊಂಡು ದಾರಿ ಮುಚ್ಚುತ್ತದೆ. ಓದಿದವರು ಹೈಡ್ರೋಜೆಲ್ ಎನ್ನುತ್ತಿದ್ದರು, ನಾವು ಲೋಳೆ ಎನ್ನುತ್ತಿದ್ದೆವು.

ಕಂಬ ನಿಲ್ಲಿಸುವ ರೀತಿ ಹೀಗೆ. ಮೊದಲು ಕಾಲುವೆ ತುಂಬ ಲೋಳೆಯ ದ್ರವ ತುಂಬಬೇಕು. ಅದರ ಮೇಲೆ ಕಪ್ಪು ಫಿಲಮ್ಮಿನ ಚೂರು ಇಡಬೇಕು. ಆ ಫಿಲಮ್ಮಿನಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ತೂತು ಕಾಲುವೆಯ ನಡುಮಧ್ಯಕ್ಕೆ ಬರುವ ಹಾಗೆ ಫಿಲಮ್ಮನ್ನು ಬೆರಳಿನಲ್ಲಿ ಸರಿಸಿ ಹಿಡಿದು, ಕಾಲಿನಲ್ಲಿ ಪೆಡಲ್ ಒತ್ತಬೇಕು. ಆಗ ನೇರಳೆ ಬೆಳಕು ಕಣ್ಣು ಮಿಟುಕಿಸುವಷ್ಟು ಹೊತ್ತು ಬೀಳುತ್ತದೆ. ಬೆಳಕು ಬಿದ್ದ ಕಡೆ ದ್ರವ ಗಟ್ಟಿಯಾಗಿ ಕಂಬವಾಗುತ್ತದೆ, ಉಳಿದದ್ದನ್ನು ಸ್ಪಿರಿಟ್ಟಿನಲ್ಲಿ ತೊಳೆದುಬಿಡುವುದು. ಕಣ್ಣು ಮಿಟುಕಿಸುವ ಆ ಹೊತ್ತಿನಲ್ಲಿ ಕೈ ಒಂದಿಷ್ಟು ಅಲುಗಿದರೆ ಕಂಬ ಹೋಗಿ ಗೋಡೆಗೆ ಅಂಟುತ್ತದೆ. ಅಂಟಿದ ಬಾಗಿಲು ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಬೇರೆ ದೇಶಗಳಲ್ಲಿ ಇದಕ್ಕೆ ಮಿಷನ್ನು ಇದೆಯಂತೆ. ನಮ್ಮಲ್ಲಿ ರಾಮಮೂರ್ತಿ ಇದ್ದ.

ಅವನು ಜವಳಗಿರಿಯ ಆಚೆ, ಕಾಡಿನ ಅಂಚಿನ ಒಂದು ಹಳ್ಳಿಯವನು. ಆನೆ ಇಳಿಯುವ ಹೊತ್ತಾಯಿತೆಂದು ಬಸ್ಸುಗಳೆಲ್ಲ ಬೆಳಕಿರುವಾಗಲೇ ತಿರುಗಿಬಿಡುವ ಊರು. ಐಟಿಐ ಓದಿ, ಗಡಿಯಾರದ ಬಿಡಿಭಾಗ ಜೋಡಿಸುವ ಒಂದು ಸಣ್ಣ ಘಟಕದಲ್ಲಿ ಕೈ ಪಳಗಿಸಿಕೊಂಡು ನಮ್ಮಲ್ಲಿಗೆ ಬಂದಿದ್ದ. ವಿನಯ ಗಿನಯ ಅವನಲ್ಲಿ ಹುಡುಕಬೇಡಿ, ಜಂಬದ ಕೋಳಿ. ‘ಸೊಳ್ಳೆ ರೆಕ್ಕೆಗೆ ಸ್ಕ್ರೂ ಹಾಕು ಅಂದ್ರೂ ಹಾಕ್ತೀನಿ ಕಣ್ಲಾ’ ಎನ್ನುತ್ತಿದ್ದ. ಬೀಡಿ ಸೇದುವವರ ಪಕ್ಕ ಕೂರುತ್ತಿರಲಿಲ್ಲ. ಕುಡಿದವರು ಎದುರು ಬಂದರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದ. ಆದರೆ ಒಂದೊಂದು ಚಿಪ್ ಮುಗಿದಾಗಲೂ ಅದರೊಳಗೆ ಬಣ್ಣದ ನೀರು ಬಿಟ್ಟು, ಕಂಬ ಉಬ್ಬಿ ದಾರಿ ಕಟ್ಟುವುದನ್ನು ನೋಡಿ ‘ಮುಚ್ಕೊಂತು! ನೋಡ್ಲಾ, ಮುಚ್ಕೊಂತು!’ ಎಂದು ಮೊದಲ ಸಲ ನೋಡಿದವನಂತೆ ಕೂಗುತ್ತಿದ್ದ. ಆ ಕೂಗು ಕೇಳಿದರೆ ನನಗೂ ಖುಷಿಯಾಗುತ್ತಿತ್ತು.

ಅಂಥವನ ಕೈ ನಡುಗತೊಡಗಿತು.

ಮೊದಲು ನಾನು ನೋಡಿದ್ದು ಗೇಟಿನ ಮುಂದಿನ ಟೀ ಅಂಗಡಿಯಲ್ಲಿ. ಗ್ಲಾಸಿನಿಂದ ಟೀ ತುಳುಕಿ ಅವನ ಪ್ಯಾಂಟಿನ ಮೇಲೆ ಬಿತ್ತು. ‘ಗ್ಲಾಸು ಸುಡ್ತೈತೆ’ ಎಂದ. ಮಾರನೆಯ ದಿನವೂ ಹಾಗೇ ಆಯಿತು. ಆಮೇಲೆ ಅವನು ಟೀ ಕುಡಿಯುವುದನ್ನೇ ಬಿಟ್ಟ. ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಏನೂ ಇಲ್ಲ, ಕಲ್ಲಿನ ಹಾಗೆ ಬಿದ್ದಿರುತ್ತಿತ್ತು. ಏನಾದರೂ ಹಿಡಿಯಲು ಹೋದರೆ ಶುರು. ಯಾರಾದರೂ ನೋಡುತ್ತಿದ್ದಾರೆ ಎಂದರೆ ಇನ್ನೂ ಜಾಸ್ತಿ. ಅವನ ಮೇಜಿನ ಪಕ್ಕದ ಡಬ್ಬಿಯಲ್ಲಿ ಕೆಟ್ಟ ಚಿಪ್‌ಗಳು ತುಂಬತೊಡಗಿದವು. ಮೊಣಕೈ ಕೆಳಗೆ ಮರಳಿನ ಚೀಲ ಇಟ್ಟುಕೊಂಡ. ಉಸಿರು ಬಿಗಿಹಿಡಿದು ನೋಡಿದ. ಮಣಿಕಟ್ಟನ್ನು ಬಟ್ಟೆಯಿಂದ ಮೇಜಿಗೆ ಕಟ್ಟಿಕೊಂಡು ನೋಡಿದ. ಕಟ್ಟಿದರೆ ಬೆರಳು ನಡುಗುತ್ತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ನನ್ನನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋಗಿ ಎರಡೂ ಕೈ ಮುಂದೆ ಚಾಚಿ ತೋರಿಸಿದ. ‘ಯಾರ್ಗೂ ಹೇಳ್ಬೇಡ. ನಿಮ್ಮವ್ವನ ಮೇಲೆ ಆಣೆ ಮಾಡು’ ಎಂದ. ಮಾಡಿದೆ. ‘ಈ ಮೇಜು ಹೋದ್ರೆ ನಾನು ಯಾರ್ಲಾ ಶಶಿ? ಹೇಳು. ಈ ಕೈ ಬಿಟ್ರೆ ನನ್ನತ್ರ ಇನ್ನೇನೈತೆ?’ ಎಂದು ಕೇಳಿದಾಗ ಅವನ ಜಂಬವೆಲ್ಲ ಎಲ್ಲಿ ಹೋಗಿತ್ತೋ. ನನಗೆ ಹೆದರಿಕೆಯಾಯಿತು.

ಆ ವಾರ ನನ್ನನ್ನೂ ಊರಿಗೆ ಕರೆದುಕೊಂಡು ಹೋದ. ಎರಡು ದಿನ ಅವ್ವನ ಕೈ ಅಡುಗೆ ಉಂಡು, ಕಣ್ತುಂಬ ನಿದ್ದೆ ಮಾಡಿದರೆ ಸರಿಹೋಗಬಹುದು ಎಂಬ ಆಸೆ. ಅವನ ತಾಯಿ ಗೋವಿಂದಮ್ಮ ನಮಗೆ ಜಗಲಿಯ ಮೇಲೆ ಕಾಫಿ ಕೊಟ್ಟರು. ಊರಿನ ಹಿರಿಯ ಆವುಲಪ್ಪ ಎದುರಿಗೆ ಕೂತು ರಾಗಿ ಬೆಳೆಯ ಸುದ್ದಿ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನ ಕಣ್ಣು ರಾಮಮೂರ್ತಿಯ ಕೈಯಲ್ಲಿ ತಟತಟ ಅನ್ನುತ್ತಿದ್ದ ಲೋಟದ ಮೇಲೆ ಬಿತ್ತು. ಮುದುಕ ಧಡಕ್ಕನೆ ಎದ್ದು ನಿಂತು ಕೈಮುಗಿದುಬಿಟ್ಟ.

‘ಸಾಮಿ ವಚ್ಚಿನಾಡು!’ ಎಂದು ತೆಲುಗಿನಲ್ಲಿ ಕೂಗಿ, ಕನ್ನಡಕ್ಕೆ ತಿರುಗಿದ. ‘ಗೋವಿಂದಮ್ಮಾ, ಮುನೇಶ್ವರ ಸ್ವಾಮಿ ತಿರುಗಿ ಬಂದವ್ನೆ ಕಣಮ್ಮಾ! ಅಪ್ಪನ ಬಿಟ್ಟು ಮಗನ ಹಿಡ್ದವ್ನೆ!’

ರಾಮಮೂರ್ತಿಯ ಅಪ್ಪ ವೆಂಕಟರಮಣಪ್ಪ ಆ ಊರಿನ ಮುನೇಶ್ವರನ ಪೂಜಾರಿಯಾಗಿದ್ದವನು. ಮದುವೆಯೋ, ಬಾವಿಯೋ, ಆಸ್ತಿಯ ಪಾಲುಪಾರಿಕತ್ತೋ, ಏನೇ ಇರಲಿ, ಆ ಊರಿನವರು ಸ್ವಾಮಿಯನ್ನು ಹೂ ಕೇಳದೆ ಹೆಜ್ಜೆ ಇಡುತ್ತಿರಲಿಲ್ಲ. ಪೂಜಾರಿ ಹುಣಸೆ ಮರದ ಕೆಳಗೆ ಕಳಶ ಹಿಡಿದು ನಿಲ್ಲುತ್ತಾನೆ, ಕಳಶದ ತೆಂಗಿನಕಾಯಿಯ ಮೇಲೆ ಒಂದು ಹೂ ಇಟ್ಟಿರುತ್ತದೆ. ಸ್ವಾಮಿ ಮೈಮೇಲೆ ಬಂದಾಗ ಕೈ ನಡುಗಿ ಹೂ ಉದುರುತ್ತದೆ. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ವೆಂಕಟರಮಣಪ್ಪ ಸತ್ತ ಮೇಲೆ ಯಾರು ಕಳಶ ಹಿಡಿದರೂ ಹೂ ಉದುರಲಿಲ್ಲ. ಸ್ವಾಮಿ ಮುನಿಸಿಕೊಂಡಿದ್ದಾನೆ ಎಂದು ಊರು ಕೊರಗುತ್ತಿತ್ತು. ಈಗ ಸುದ್ದಿ ಹಬ್ಬಿ, ಗೋವಿಂದಮ್ಮನ ಜಗಲಿಯ ಮುಂದೆ ಜನ ಸೇರಿದರು. ಆ ತಾಯಿ ಕರ್ಪೂರ ಹಚ್ಚಿ ತಂದು ಮಗನ ಕೈಗಳಿಗೆ ಆರತಿ ಮಾಡಿದರು. ರಾಮಮೂರ್ತಿ ಲೋಟ ಬಿಸಾಕಿ ಎದ್ದು, ಬಂದ ದಾರಿಯಲ್ಲೇ ಬಸ್ಸು ನಿಲ್ಲುವ ಕಡೆಗೆ ನಡೆದುಬಿಟ್ಟ.

ಬೆಂಗಳೂರಿನಲ್ಲಿ ನರದ ಡಾಕ್ಟರ ಹತ್ತಿರ ಅವನನ್ನು ಕರೆದುಕೊಂಡು ಹೋದವನು ನಾನೇ. ಡಾಕ್ಟರು ಕಾಗದ ಪೆನ್ನು ಕೊಟ್ಟು ‘ಒಂದು ಚಕ್ಕುಲಿ ಬಿಡಿಸಿ ನೋಡೋಣ’ ಎಂದರು. ಸೂಜಿಯ ಮೊನೆಯಲ್ಲಿ ಕೆಲಸ ಮಾಡುತ್ತಿದ್ದವನು ಬಿಡಿಸಿದ ಚಕ್ಕುಲಿ ಇರುವೆ ಸಾಲಿನಂತೆ ಡೊಂಕುಡೊಂಕಾಗಿ ಬಂತು. ನಾನು ಕಿಟಕಿಯ ಕಡೆ ನೋಡಿದೆ. ಡಾಕ್ಟರು ಪ್ರಾಣಕ್ಕೇನೂ ಅಪಾಯವಿಲ್ಲ, ಆದರೆ ಇದು ವಾಸಿಯಾಗುವುದೂ ಇಲ್ಲ, ವರ್ಷ ಕಳೆದಂತೆ ಹೆಚ್ಚುತ್ತದೆ ಎಂದರು. ಇದಕ್ಕಿರುವ ಒಳ್ಳೆಯ ಮಾತ್ರೆಯನ್ನು ಉಬ್ಬಸ ಇರುವವರಿಗೆ ಕೊಡುವ ಹಾಗಿಲ್ಲವಂತೆ. ರಾಮಮೂರ್ತಿಗೆ ಚಿಕ್ಕಂದಿನಿಂದ ಉಬ್ಬಸ. ಬೇರೆ ಮಾತ್ರೆ ಬರೆಯುತ್ತ ಡಾಕ್ಟರು ಕೇಳಿದರು: ‘ಇದು ವಂಶದಲ್ಲಿ ಬರೋ ಕಾಯಿಲೆ. ನಿಮ್ಮ ತಂದೆಗೋ ತಾತನಿಗೋ ಹೀಗೆ ಕೈ ನಡುಗ್ತಿತ್ತಾ?’

ರಾಮಮೂರ್ತಿ ಚಕ್ಕುಲಿ ಬಿಡಿಸಿದ ಕಾಗದವನ್ನು ಮಗುಚಿಟ್ಟು ‘ಇಲ್ಲ ಸಾರ್’ ಎಂದ.

‘ಕೆಲವರಿಗೆ ಒಂದು ಗುಟುಕು ಹೆಂಡ ಹೊಟ್ಟೆಗೆ ಬಿದ್ರೆ ನಡುಕ ನಿಲ್ಲುತ್ತೆ. ಗಂಟೆ ಎರಡು ಗಂಟೆ ಅಷ್ಟೇ. ಆಮೇಲೆ ಮೊದಲಿಗಿಂತ ಜಾಸ್ತಿಯಾಗುತ್ತೆ. ಆ ದಾರಿಗೆ ಮಾತ್ರ ಹೋಗಬೇಡಿ’ ಎಂದು ಡಾಕ್ಟರು ಚೀಟಿ ಕೊಟ್ಟು ಕಳಿಸಿದರು.

ವಾಪಸು ಬಸ್ಸಿನಲ್ಲಿ ಅತ್ತಿಬೆಲೆ ದಾಟಿದ ಮೇಲೆ ಅವನು ತಾನಾಗಿಯೇ ಮಾತಾಡಿದ. ‘ನಾನು ಹೂಂ ಅಂದಿದ್ರೆ ಏನಾಗ್ತಿತ್ತು ಗೊತ್ತೇನ್ಲಾ? ನಮ್ಮಪ್ಪನ ಮೈಮೇಲೆ ಬತ್ತಿದ್ದ ಮುನೇಶ್ವರ ಆ ಕುರ್ಚಿಯಿಂದಾನೇ ಎದ್ದೋಗ್ಬುಡ್ತಿದ್ದ. ಎಷ್ಟು ಜನ ಆ ಹೂವು ನೋಡಿ ಹೆಣ್ಣು ಕೊಟ್ಟವ್ರೆ, ಬಾವಿ ತೋಡವ್ರೆ. ಅವೆಲ್ಲಾ ಬರೀ ನರದ ಕಾಯ್ಲೆಗೆ ಮಾಡಿದ್ದಾ?’ ಸ್ವಲ್ಪ ದೂರ ಹೋದ ಮೇಲೆ ಅವನೇ ಮತ್ತೆ ಹೇಳಿದ. ‘ಹೂ ಕೇಳಾದ್ಮೇಲೆ ಅಪ್ಪನ ಬಾಯಿಗೆ ಒಂದು ಲೋಟ ಹೆಂಡ ಹುಯ್ಯೋರು. ಹುಯ್ದ್ರೆ ಸ್ವಾಮಿ ತಣ್ಣಗಾಗೋನು. ಅಪ್ಪನ ಕೈ ನಿಂತೋಗೋದು.’ ಅಷ್ಟು ಹೇಳಿ ನನ್ನ ಮುಖ ನೋಡಿದ. ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೂ ನೆನಪಿತ್ತು. ‘ಬೇಡ ಕಣೋ’ ಎಂದೆ. ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಕಾಲ ಕೂಡ ಅವನನ್ನು ಕಾಡಲೆಂದೇ ಬಂದ ಹಾಗಿತ್ತು. ಡಾಕ್ಟರು ಕೊಟ್ಟ ಮಾತ್ರೆಯಿಂದ ನಡುಕ ನಿಲ್ಲಲಿಲ್ಲ, ಎಮ್ಮೆಯಂಥ ನಿದ್ದೆ ಮಾತ್ರ ಬಂತು. ಅದೇ ಹೊತ್ತಿಗೆ ಮೇಡಂ ನಮ್ಮನ್ನೆಲ್ಲ ಸೇರಿಸಿ ಹೊರದೇಶದ ಒಂದು ಲ್ಯಾಬಿನವರು ತಿಂಗಳ ಕೊನೆಗೆ ಬರುತ್ತಾರೆ ಎಂದರು. ಅವರು ಪರೀಕ್ಷಿಸುವ ಅಷ್ಟೂ ಚಿಪ್‌ಗಳ ಬಾಗಿಲು ಸರಿಯಾಗಿ ಮುಚ್ಚಿ ತೆರೆಯಬೇಕು, ಇಲ್ಲದಿದ್ದರೆ ಲೋಳೆಯ ಕೆಲಸವನ್ನೇ ನಿಲ್ಲಿಸಬೇಕಾಗುತ್ತದೆ. ಹೇಳಿ ಮುಗಿಸಿ ರಾಮಮೂರ್ತಿಯ ಕಡೆ ತಿರುಗಿ ‘ನಿಮ್ಮ ಕೈ ಇದೆಯಲ್ಲ, ನನಗೆ ಧೈರ್ಯ’ ಎಂದು ನಕ್ಕರು. ಅವನು ಆ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದ.

ಮರುದಿನ ಬೆಳಿಗ್ಗೆ ರೂಮಿನ ಬಚ್ಚಲಿನಲ್ಲಿ ಅವನು ವಾಂತಿ ಮಾಡುವುದು ಕೇಳಿಸಿತು. ಹೋಗಿ ನೋಡಿದರೆ ಮೂಲೆಯಲ್ಲಿ ಬ್ರಾಂದಿಯ ಚಿಕ್ಕ ಬಾಟಲಿ. ಜನ್ಮದಲ್ಲಿ ಮುಟ್ಟದವನು ಮೂಗು ಹಿಡಿದುಕೊಂಡು ಔಷಧಿಯ ಹಾಗೆ ಕುಡಿದಿದ್ದ. ಮೊದಲ ಸಲ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬಾಯಿ ಮುಕ್ಕಳಿಸಿ ಮತ್ತೆ ಕುಡಿದ. ನಾನು ಬಾಯಿಗೆ ಬಂದಂತೆ ಬೈದೆ. ಅವನು ಅಷ್ಟನ್ನೂ ಕೇಳಿಸಿಕೊಂಡು ಕೂತು, ಆಮೇಲೆ ಒಂದು ಲೋಟ ತುಂಬ ನೀರು ತುಂಬಿ ನನ್ನ ಮುಂದೆ ಹಿಡಿದ. ಒಂದು ತೊಟ್ಟೂ ತುಳುಕಲಿಲ್ಲ. ‘ನಿಂತೈತೆ ಕಣ್ಲಾ’ ಎಂದು ಅಳತೊಡಗಿದ. ಖುಷಿಗೋ ಹೆದರಿಕೆಗೋ ಗೊತ್ತಿಲ್ಲ. ನನ್ನ ಬೈಗುಳ ಅಲ್ಲಿಗೇ ನಿಂತಿತು.

ಶೆಡ್ಡಿನೊಳಗೆ ಯಾವಾಗಲೂ ಚಿಪ್ ತೊಳೆಯುವ ಸ್ಪಿರಿಟ್ಟಿನ ವಾಸನೆ. ಅದರ ನಡುವೆ ಒಬ್ಬನ ಬಾಯಿಯ ವಾಸನೆಯನ್ನು ಯಾರು ಮೂಸಿ ನೋಡುತ್ತಾರೆ? ಆ ದಿನಗಳಲ್ಲಿ ಅವನು ನಿಲ್ಲಿಸಿದಂಥ ಕಂಬಗಳನ್ನು ಯಾರೂ ನಿಲ್ಲಿಸಿಲ್ಲ, ಮುಂದೆಯೂ ನಿಲ್ಲಿಸುವುದಿಲ್ಲ ಎಂದು ನಾನು ಪಣ ಕಟ್ಟಿ ಹೇಳುತ್ತೇನೆ. ಲ್ಯಾಬಿನವರು ಬಂದರು, ನೀರು ಬಿಟ್ಟರು, ಬಾಗಿಲುಗಳು ಮುಚ್ಚಿದವು, ತೆರೆದವು. ಮೇಡಂ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ರಾಮಮೂರ್ತಿ ಮಾತ್ರ ಆಗ ‘ಮುಚ್ಕೊಂತು’ ಎಂದು ಕೂಗಲಿಲ್ಲ.

ಡಾಕ್ಟರು ಹೇಳಿದ್ದೇ ಆಯಿತು. ಒಂದು ಗುಟುಕಿಗೆ ನಿಲ್ಲುತ್ತಿದ್ದ ಕೈಗೆ ಅರ್ಧ ಲೋಟ ಬೇಕಾಯಿತು. ಅದರ ಹಿಡಿತ ಬಿಟ್ಟ ಕೂಡಲೇ ಬರುವ ನಡುಕ ಭುಜದವರೆಗೂ ಏರುತ್ತಿತ್ತು. ಒಂದು ಮಧ್ಯಾಹ್ನ ಸಿದ್ಧವಾದ ಚಿಪ್‌ಗಳನ್ನು ನೀರಿನ ತಟ್ಟೆಯಲ್ಲಿ ಇಟ್ಟುಕೊಂಡು ಮೇಡಂ ಕೈಗೆ ಕೊಡಲು ಹೋದ. ತಟ್ಟೆ ಜಾರಿತು. ಒಂದು ಬ್ಯಾಚಿನ ಚಿಪ್‌ಗಳೆಲ್ಲ ನೆಲಕ್ಕೆ ಬಿದ್ದು ಪುಡಿಯಾದವು. ಆರಿಸಲು ಅವನ ಜೊತೆ ಬಗ್ಗಿದ ಮೇಡಂ, ಅವನ ಬಾಯಿಯ ವಾಸನೆ ಮೂಗಿಗೆ ಹೊಡೆದು ಹಾಗೇ ನಿಂತುಬಿಟ್ಟರು.

‘ರಾಮಮೂರ್ತಿ, ಕುಡಿದಿದ್ದೀರಾ? ತೊಳೆಯೋ ಸ್ಪಿರಿಟ್ ಏನಾದ್ರೂ ಕುಡೀತಿದ್ದೀರಾ? ಅದು ವಿಷ ರೀ!’

‘ಇಲ್ಲ ಮೇಡಂ. ಅಂಗಡೀದು. ಬ್ರಾಂದಿ.’

‘ಕೈ ಅದಕ್ಕೇ ನಡುಗ್ತಿದೆಯಾ?’

ನಾನು ಮೇಜಿನ ಆ ಕಡೆ ನಿಂತಿದ್ದೆ. ಈಗಲಾದರೂ ಹೇಳುತ್ತಾನೆ ಎಂದುಕೊಂಡೆ. ಅವನು ತಲೆ ತಗ್ಗಿಸಿ, ‘ಹೂಂ ಮೇಡಂ. ಕುಡ್ತದಿಂದಾನೇ’ ಎಂದುಬಿಟ್ಟ.

ಮೇಡಂ ಕೆಟ್ಟವರಲ್ಲ. ಅವರ ಕಣ್ಣಲ್ಲೂ ನೀರಿತ್ತು. ‘ಮನೆಗೆ ಹೋಗಿ. ಕುಡಿಯೋದು ಬಿಟ್ಟು, ಕೈ ಸರಿ ಮಾಡ್ಕೊಂಡು ಬನ್ನಿ. ನಿಮ್ಮ ಮೇಜು ನಿಮಗೇ ಇರುತ್ತೆ’ ಎಂದರು.

ಗೇಟಿನ ಹೊರಗೆ ನಾನು ಅವನ ಕತ್ತಿನಪಟ್ಟಿ ಹಿಡಿದುಕೊಂಡೆ. ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದೆ. ಅವನು ಗೆದ್ದವನ ಹಾಗೆ ನಗುತ್ತಿದ್ದ.

‘ಕುಡುಕ ಅಂದ್ರೆ ಬೈತಾರೆ, ಬುದ್ಧಿ ಹೇಳ್ತಾರೆ, ತಿರುಗಿ ಕರೀತಾರೆ. ಕೈ ಕಾಯ್ಲೆಯೋನು ಅಂದ್ರೆ ಯಾರ್ಲಾ ಕರೀತಾರೆ? ಕೇಳಿಸ್ತಲ್ಲ, ಮೇಜು ನಂಗೇ ಅಂತೆ!’

‘ಲೋ ಮಂಕೆ, ಕುಡಿಯೋದ ಬಿಟ್ರೆ ನಿನ್ ಕೈ ನಿಲ್ಲಲ್ಲ. ಕೈ ನಿಲ್ದೆ ಇದ್ರೆ ಮೇಜಿಲ್ಲ. ಅತ್ತ ದರಿ ಇತ್ತ ಪುಲಿ ಅಂತ ಯಾವ ಮೂರ್ಖನಾದ್ರೂ ತಾನಾಗೇ ಹೋಗಿ ನಿಂತ್ಕೊಂತಾನೇನೋ?’

ಅದು ಅವನಿಗೆ ಹೊಳೆದಿರಲೇ ಇಲ್ಲ. ನಗು ಮುಖದ ಮೇಲೇ ಉಳಿದು, ಕಣ್ಣು ಮಾತ್ರ ಬದಲಾಯಿತು. ಆಮೇಲೆ ರೂಮಿನಲ್ಲಿ ಬ್ರಾಂದಿ ಮುಟ್ಟದೆ, ಬೆಳಗಿನಿಂದ ಸಂಜೆವರೆಗೆ ನೆಲದ ಮೇಲೆ ಕೂತು, ಒಂದು ಫಿಲಮ್ಮಿನ ಚೂರನ್ನು ಕಾಗದದ ಗೆರೆಯ ಮೇಲೆ ನಿಲ್ಲಿಸಲು ನೋಡುತ್ತಿದ್ದ. ನಿಲ್ಲುತ್ತಿರಲಿಲ್ಲ. ಕೈಗೆ ಕೈಯಿಂದಲೇ ಹೊಡೆದುಕೊಳ್ಳುತ್ತಿದ್ದ. ಒಂದು ದಿನ ನಾನು ಕೆಲಸದಿಂದ ಬಂದಾಗ ಅವನೂ ಇರಲಿಲ್ಲ, ಅವನ ಚೀಲವೂ ಇರಲಿಲ್ಲ.

ಅವನ ಮೇಜಿಗೆ ಸಹನಾ ಎಂಬ ಹುಡುಗಿಯನ್ನು ಕೂರಿಸಿದರು. ಪಾಪ, ಅವಳು ದಿನಾ ಅಳುತ್ತಿದ್ದಳು. ಕೊನೆಗೆ ನನಗೆ ತಡೆಯಲಾಗಲಿಲ್ಲ. ಆಣೆಯ ಮನೆ ಹಾಳಾಗಲಿ ಎಂದು ಮೇಡಂಗೆ ಎಲ್ಲವನ್ನೂ ಹೇಳಿದೆ. ನಮ್ಮವ್ವ ಚೆನ್ನಾಗಿಯೇ ಇದ್ದಾರೆ, ನನಗೇನೂ ಬೇಜಾರಿಲ್ಲ. ಮೇಡಂ ‘ನನಗೆ ಹೇಳಬಾರದಿತ್ತಾ ಆ ಮನುಷ್ಯ? ಕಂಬ ನಿಲ್ಲಿಸೋದು ಬೇಡ. ಬೇರೆಯವರು ಮಾಡಿದ ಚಿಪ್ ನೋಡಿ, ಸರಿ ತಪ್ಪು ಹೇಳೋ ಕೆಲಸ ಕೊಡ್ತೀನಿ. ಕರ್ಕೊಂಡು ಬನ್ನಿ’ ಎಂದರು. ಅವನು ಊರಿಗಲ್ಲದೆ ಇನ್ನೆಲ್ಲಿಗೆ ಹೋಗಿರುತ್ತಾನೆ ಎಂದು ನಾನು ಕುಣಿದುಕೊಂಡು ತಳಿ ಬಸ್ಸು ಹತ್ತಿದೆ. ಅಲ್ಲಿಂದ ಜವಳಗಿರಿಗೆ ಜೀಪು, ಆಮೇಲೆ ಕಾಲುದಾರಿ.

ಹುಣಸೆ ಮರದ ಕೆಳಗೆ ಜನವೋ ಜನ. ನಡುವೆ ಹಳದಿ ಪಂಚೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಕಳಶ. ಅದು ರಾಮಮೂರ್ತಿ ಎಂದು ಗೊತ್ತಾಗಲು ನನಗೆ ಒಂದು ಕ್ಷಣ ಬೇಕಾಯಿತು. ಎದುರಿಗೆ ಒಬ್ಬ ಹೆಂಗಸು, ಪಕ್ಕದಲ್ಲಿ ಅವಳ ಮಗಳು. ಹುಡುಗಿಗೆ ಕೃಷ್ಣಗಿರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಕಳಿಸಲೋ ಬೇಡವೋ ಎಂದು ತಾಯಿ ಹೂ ಕೇಳುತ್ತಿದ್ದಳು. ಹುಡುಗಿ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ರಾಮಮೂರ್ತಿ ಹಲ್ಲು ಕಚ್ಚಿ ಕಳಶವನ್ನು ಬಲಕ್ಕೆ ವಾಲಿಸಲು ನೋಡುತ್ತಿದ್ದ. ಅದು ನನಗೆ ಚೆನ್ನಾಗಿ ಕಾಣುತ್ತಿತ್ತು, ಅವನ ಕೈಯನ್ನು ಬಲ್ಲವನು ನಾನು. ಆದರೆ ಕೈ ಅವನ ಮಾತು ಕೇಳಲಿಲ್ಲ. ಹೂ ಎಡಕ್ಕೆ ಬಿತ್ತು.

ತಾಯಿ ಎದ್ದಳು. ಹುಡುಗಿ ಬಿಕ್ಕಿದಳು.

‘ತಡಿಯಮ್ಮ, ಇನ್ನೊಂದ್ಸಲ ಕೇಳಣ’ ಎಂದ ರಾಮಮೂರ್ತಿ.

‘ಸ್ವಾಮಿ, ಒಂದು ಪ್ರಶ್ನೆಗೆ ಒಂದೇ ಹೂವು’ ಎಂದು ಆವುಲಪ್ಪ ಕೈಮುಗಿದ.

ರಾಮಮೂರ್ತಿ ಕಳಶವನ್ನು ನೆಲಕ್ಕೆ ಕುಕ್ಕಿದ. ‘ಇದು ಸ್ವಾಮಿ ಅಲ್ಲ ಕಣ್ರಯ್ಯಾ! ಕಾಯ್ಲೆ! ನರದ ಕಾಯ್ಲೆ! ಬೆಂಗ್ಳೂರು ಡಾಕ್ಟ್ರು ಹೇಳವ್ರೆ. ಕಳಿಸಮ್ಮಾ ಹುಡ್ಗೀನ, ನನ್ ಕೈ ನೋಡ್ಕೊಂಡು ಅದರ ಬಾಳು ಹಾಳ್ಮಾಡ್ಬೇಡ!’

ಆವುಲಪ್ಪನ ಮುಖ ಅರಳಿತು. ‘ನೋಡ್ದ್ರಾ, ಸ್ವಾಮಿ ನಮ್ ಭಕ್ತಿ ಪರೀಕ್ಷೆ ಮಾಡ್ತಾವ್ನೆ! ಹೂವಿನ ಮಾತು ನಂಬ್ತೀರೋ ಬಾಯಿ ಮಾತು ನಂಬ್ತೀರೋ ಅಂತ ನೋಡ್ತಾವ್ನೆ!’ ಎಂದು ಉದ್ದಕ್ಕೆ ಅಡ್ಡಬಿದ್ದ. ಹಿಂದಿನಿಂದ ಎಲ್ಲರೂ ಅಡ್ಡಬಿದ್ದರು. ಆ ಹೆಂಗಸು ಮಗಳ ತಲೆಯನ್ನೂ ಹಿಡಿದು ಬಗ್ಗಿಸಿದಳು. ನನಗೆ ಆ ಮುದುಕನನ್ನು ಎತ್ತಿ ಒಗೆಯಬೇಕು ಎನ್ನಿಸಿತು.

‘ಅವ್ವಾ, ನೀನಾದ್ರೂ ಹೇಳು’ ಎಂದ ರಾಮಮೂರ್ತಿ.

ಗೋವಿಂದಮ್ಮ ಮಗನನ್ನು ನೋಡಿದರು, ಜನರನ್ನು ನೋಡಿದರು. ‘ಸ್ವಾಮಿಗೆ ಹೊಟ್ಟೆ ಹಸ್ದೈತೆ. ಆಮೇಲೆ ಬನ್ನಿ ಎಲ್ರೂ’ ಎಂದು ಅವನ ರಟ್ಟೆ ಹಿಡಿದು ಮನೆಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ಅಡುಗೆಮನೆಯಲ್ಲಿ ಬಾಗಿಲು ಹಾಕಿ, ಅವನನ್ನು ಮಣೆಯ ಮೇಲೆ ಕೂರಿಸಿ, ತಟ್ಟೆಗೆ ಮುದ್ದೆ ಸಾರು ಹಾಕಿದರು. ಅವನ ಕೈಗೆ ಕೊಡಲಿಲ್ಲ, ತಾವೇ ಮುರಿದು ಸಾರಿನಲ್ಲಿ ಅದ್ದಿದರು.

ನಾನು ತಡಮಾಡದೆ ಮೇಡಂ ಹೇಳಿದ್ದನ್ನು ಹೇಳಿದೆ. ಬರೀ ನೋಡಿ ಹೇಳುವ ಕೆಲಸ, ಕೈಗೇನೂ ಕೆಲಸವಿಲ್ಲ, ಈಗಲೇ ಹೊರಡು ಎಂದೆ. ಅವನ ಮುಖಕ್ಕೆ ಬೆಳಕು ಬಂತು. ತುತ್ತನ್ನು ತಡೆದು ನನ್ನ ಕಡೆ ಬಗ್ಗಿದ. ಆಮೇಲೆ ಅವನ ಬಲಗೈಯ ಎರಡು ಬೆರಳು ತಾವಾಗಿಯೇ ಗಾಳಿಯಲ್ಲಿ ಏನನ್ನೋ ಸಣ್ಣಗೆ ತಿರುಗಿಸಿದವು. ಬೆರಳು ನಡುಗುತ್ತಿದ್ದವು. ಅವನು ಅವನ್ನೇ ನೋಡುತ್ತ ಕೂತ.

‘ಮೈಕ್ರೋಸ್ಕೋಪಿನ ತಿರುಪು ತಿರುಗಿಸ್ದೆ ಹೆಂಗ್ಲಾ ನೋಡೋದು? ಕೂದಲಷ್ಟು ಆಚೆ ಈಚೆ ಆದ್ರೂ ಬರೀ ಮಂಜು’ ಎಂದ.

ನನಗೆ ಅದು ಹೊಳೆದೇ ಇರಲಿಲ್ಲ, ಮೇಡಂಗೂ ಹೊಳೆದಿರಲಿಲ್ಲ. ದಾರಿಯುದ್ದಕ್ಕೂ ಹೊತ್ತು ತಂದ ಆಸೆ ಅವನ ಎರಡು ಬೆರಳಲ್ಲಿ ಮುಗಿದುಹೋಯಿತು.

ಗೋವಿಂದಮ್ಮ ತುತ್ತನ್ನು ಹಾಗೇ ಹಿಡಿದುಕೊಂಡು ಮಾತಾಡಿದರು. ‘ಪೂಜಾರಿ ಕಳಶ ಹಿಡಿದ ಕೈಯಾಗೆ ಅನ್ನ ಮುಟ್ಬಾರ್ದು ಅಂತ ನಮ್ಮೂರಾಗೆ ಶಾಸ್ತ್ರ ಐತಲ್ಲಪ್ಪ, ಅದ ಮಾಡ್ದೋಳು ನಾನೇ. ನಿಮ್ಮಪ್ಪ ತುತ್ತೆತ್ತಿದ್ರೆ ಎದೆ ಮೇಲೆಲ್ಲ ಚೆಲ್ಕೊಳ್ಳೋನು. ಊರು ಅವುಂಗೆ ನಡುಗ ಅಂತ ಹೆಸರಿಟ್ಟಿತ್ತು. ನೇಗ್ಲು ಹಿಡಿದ್ರೆ ಸಾಲು ಸೊಟ್ಟ, ಯಾರೂ ಕೂಲಿಗೆ ಕರೀತಿರ್ಲಿಲ್ಲ. ಒಂದಿನ ಹಬ್ಬದಾಗೆ ಯಾರೋ ಅವುನ್ ಕೈಗೆ ಕಳಶ ಕೊಟ್ರು. ಊರೇ ಸ್ವಾಮಿ ಅಂದ್ಬುಡ್ತು. ನಾವು ಅಲ್ಲ ಅನ್ನಲಿಲ್ಲ, ಅಷ್ಟೇ. ನಿನ್ ಲೋಟ ನಡುಗಿದ ದಿನ ನಾನು ಕರ್ಪೂರ ಹಚ್ಚಿದ್ದು ಭಕ್ತಿಗಲ್ಲ ಮಗಾ. ನಿನ್ನ ಯಾರೂ ನಡುಗ ಅನ್ದೆ ಇರ್ಲಿ ಅಂತ.’

ರಾಮಮೂರ್ತಿ ಕೇಳಿದ. ‘ಅಪ್ಪಂಗೆ ಗೊತ್ತಿತ್ತಾ ಅವ್ವಾ? ಸ್ವಾಮಿ ಅಲ್ಲ ಅಂತ?’

‘ಗೊತ್ತಿಲ್ದೆ ಏನು. ಒಂದಿನ ಹಿತ್ಲಾಗೆ ಕೂತ್ಕೊಂಡು ಅತ್ತ. ಮಾರ್ನೇ ದಿನ ಎದ್ದೋಗಿ ಕಳ್ಶ ಹಿಡ್ದ.’

‘ಒಂದೇ ದಿನಾನಾ ಅತ್ತಿದ್ದು?’

ಹೊರಗೆ ಆವುಲಪ್ಪ ಜನರನ್ನು ಸಾಲಾಗಿ ಕೂರಿಸುತ್ತಿರುವುದು ಕೇಳಿಸುತ್ತಿತ್ತು. ಗೋವಿಂದಮ್ಮ ತುತ್ತನ್ನು ಮಗನ ಬಾಯಿಯ ಹತ್ತಿರ ತಂದರು.

‘ನನ್ನ ಮುಂದೆ ಒಂದೇ ದಿನ’ ಎಂದರು.

ರಾಮಮೂರ್ತಿ ತುತ್ತಿಗೆ ಬಾಯಿ ತೆರೆದ.